ಗಂಡು, ಹೆಣ್ಣು, ಅಲಂಕಾರ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಜೀವಶಾಸ್ತ್ರ ಪಾಠ ಮಾಡಿದವಳು. ಪಾಠ ನಿಂತು ವರ್ಷಗಳಾದವು, ಪ್ರಶ್ನೆಗಳು ಮಾತ್ರ ನಿಂತಿಲ್ಲ. ಮದುವೆಮನೆಯ ಊಟದ ಸಾಲಿನಲ್ಲಿ, ಹಳೆಯ ವಿದ್ಯಾರ್ಥಿಗಳ ಪತ್ರಗಳಲ್ಲಿ, ಬಸ್ಸಿನಲ್ಲಿ ಪಕ್ಕ ಕೂತವರ ಮಾತಿನಲ್ಲಿ ಒಂದೇ ವಿಷಯ ತಿರುಗಿ ತಿರುಗಿ ಬರುತ್ತದೆ. ಹೆಂಗಸರಿಗೆ ಯಾಕೆ ಇಷ್ಟು ಅಲಂಕಾರ, ಗಂಡಸರಿಗೆ ಯಾಕೆ ಬೇಡ? ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳಬೇಕಾದವು ಆಮೇಲೆ.

## ಮೊದಲ ಪ್ರಶ್ನೆಗಳು

ನವಿಲಲ್ಲಿ ಗಂಡಿಗೆ ಗರಿ, ಕೋಳಿಯಲ್ಲಿ ಹುಂಜಕ್ಕೆ ಜುಟ್ಟು. ಮನುಷ್ಯರಲ್ಲಿ ಮಾತ್ರ ಯಾಕೆ ಉಲ್ಟಾ?

ಈ ಪ್ರಶ್ನೆ ಡಾರ್ವಿನ್‌ಗೂ ನಿದ್ದೆ ಕೆಡಿಸಿತ್ತು. ನವಿಲುಗರಿ ಕಣ್ಣಿಗೆ ಬಿದ್ದಾಗಲೆಲ್ಲ ತನಗೆ ಸಂಕಟವಾಗುತ್ತದೆ ಎಂದು ಆತ 1860ರಲ್ಲಿ ಗೆಳೆಯನಿಗೆ ಬರೆದ. ಅಷ್ಟುದ್ದದ ಗರಿ ಬದುಕುಳಿಯಲು ಅಡ್ಡಿಯೇ ಹೊರತು ಸಹಾಯವಲ್ಲ. ಹಾಗಿದ್ದರೆ ಅದು ಉಳಿದುಕೊಂಡಿದ್ದು ಹೇಗೆ? 1871ರಲ್ಲಿ ಉತ್ತರ ಕೊಟ್ಟ: ಹೆಣ್ಣು ಆರಿಸಿಕೊಳ್ಳುತ್ತದೆ. ಚೆಂದದ ಗರಿಯ ಗಂಡಿಗೆ ಮರಿಗಳು ಜಾಸ್ತಿ ಹುಟ್ಟುತ್ತವೆ, ಆ ಮರಿಗಳಿಗೂ ಗರಿ ಬರುತ್ತದೆ.

ಆದರೆ ಆರಿಸುವವರು ಯಾವಾಗಲೂ ಹೆಣ್ಣೇ ಯಾಕೆ? ಇದಕ್ಕೆ 1972ರಲ್ಲಿ ರಾಬರ್ಟ್ ಟ್ರೈವರ್ಸ್ ಎಂಬ ವಿಜ್ಞಾನಿ ಒಂದು ಸರಳ ಲೆಕ್ಕ ಹೇಳಿದರು. ಮರಿಗಾಗಿ ಯಾರು ಜಾಸ್ತಿ ಕಷ್ಟಪಡುತ್ತಾರೋ ಅವರು ಅಳೆದು ತೂಗಿ ಆರಿಸುತ್ತಾರೆ. ಕಡಿಮೆ ಕಷ್ಟಪಡುವವರು ಪೈಪೋಟಿಗೆ ಬೀಳುತ್ತಾರೆ, ಅಲಂಕಾರವೂ ಅವರದ್ದೇ. ಗಂಡುನವಿಲು ಮೊಟ್ಟೆಯ ಹತ್ತಿರವೂ ಸುಳಿಯುವುದಿಲ್ಲ.

ಈ ಲೆಕ್ಕ ಸರಿಯೇ ಎಂದು ನೋಡಲು ನಮ್ಮ ಗದ್ದೆ ಬಯಲಿಗೇ ಹೋಗಬಹುದು. ಪೇಂಟೆಡ್ ಸ್ನೈಪ್ ಎಂಬ ಹಕ್ಕಿ ನಮ್ಮ ಕೆರೆಯಂಚುಗಳಲ್ಲಿ, ಕೆಸರುಗದ್ದೆಗಳಲ್ಲಿ ಇದೆ. ಅದರಲ್ಲಿ ಹೆಣ್ಣಿಗೆ ಕೆಂಗಂದು ಬಣ್ಣದ ಕೊರಳು, ಗಂಡು ಮಂಕು. ಮೊಟ್ಟೆಗೆ ಕಾವು ಕೊಡುವುದು, ಮರಿ ಸಾಕುವುದು ಗಂಡು. ಹೆಣ್ಣು ಮೊಟ್ಟೆಯಿಟ್ಟು ಮುಂದಿನ ಗಂಡನ್ನು ಹುಡುಕಿಕೊಂಡು ಹೋಗುತ್ತದೆ. ಕೆಲಸ ಅದಲುಬದಲಾಯಿತು, ಬಣ್ಣವೂ ಅದಲುಬದಲಾಯಿತು.

ಮನುಷ್ಯರ ಮಗು ಬೆಳೆಯಲು ಹದಿನೈದಿಪ್ಪತ್ತು ವರ್ಷ ಬೇಕು. ಅಪ್ಪನೂ ದುಡಿಯುತ್ತಾನೆ, ತಂದು ಹಾಕುತ್ತಾನೆ, ಎತ್ತಿ ಆಡಿಸುತ್ತಾನೆ. ಹಾಗಾಗಿ ನಮ್ಮಲ್ಲಿ ಇಬ್ಬರೂ ಆರಿಸುತ್ತಾರೆ, ಇಬ್ಬರೂ ಪೈಪೋಟಿ ಮಾಡುತ್ತಾರೆ, ಇಬ್ಬರೂ ಅಲಂಕರಿಸಿಕೊಳ್ಳುತ್ತಾರೆ. "ಉಲ್ಟಾ" ಅನ್ನುವ ಮಾತೇ ಪೂರ್ತಿ ಸರಿಯಲ್ಲ. ಯಾರದು ಜಾಸ್ತಿ ಅನ್ನುವುದು ಕಾಲಕಾಲಕ್ಕೆ, ಊರೂರಿಗೆ ಬದಲಾಗುತ್ತ ಬಂದಿದೆ.

ಮನುಷ್ಯರು ಅಲಂಕಾರ ಶುರು ಮಾಡಿದ್ದು ಯಾವಾಗ? ಮೊದಲು ಹೆಂಗಸರೇ ಅಲ್ವಾ?

ಶುರುವಾಗಿದ್ದು ತುಂಬಾ ಹಿಂದೆ. ದಕ್ಷಿಣ ಆಫ್ರಿಕಾದ ಬ್ಲಾಂಬೋಸ್ ಗುಹೆಯಲ್ಲಿ ಸಿಕ್ಕ ತೂತು ಮಾಡಿದ ಸಣ್ಣ ಶಂಖುಗಳಿಗೆ ಸುಮಾರು 75,000 ವರ್ಷ. ದಾರ ತಿಕ್ಕಿದ ಗುರುತು ಅವುಗಳ ಮೇಲೆ ಇನ್ನೂ ಇದೆ. ಮೊರಾಕ್ಕೋದ ಬಿಜ್‌ಮೂನ್ ಗುಹೆಯ ಮಣಿಗಳು ಇನ್ನೂ ಹಳೆಯವು, 1,42,000 ವರ್ಷಕ್ಕೂ ಹಿಂದಿನವು. ಬೇಸಾಯ ಇರಲಿಲ್ಲ, ಮಡಕೆ ಇರಲಿಲ್ಲ, ಸರ ಇತ್ತು.

ಅವನ್ನು ಹಾಕಿಕೊಂಡವರು ಗಂಡೋ ಹೆಣ್ಣೋ ಹೇಳಲು ಮಣಿಯೊಂದರಿಂದ ಆಗುವುದಿಲ್ಲ. ಗೋರಿ ಸಿಕ್ಕರೆ ಆಗುತ್ತದೆ. ರಷ್ಯಾದ ಸುಂಗಿರ್ ಎಂಬಲ್ಲಿ ಸುಮಾರು 34,000 ವರ್ಷ ಹಿಂದಿನ ಗೋರಿಗಳಿವೆ. ಒಂದರಲ್ಲಿ ನಡುವಯಸ್ಸಿನ ಗಂಡಸು, ಅವನ ಮೈಮೇಲೆ ಮ್ಯಾಮತ್ ಆನೆಯ ದಂತದಿಂದ ಮಾಡಿದ ಸುಮಾರು 3,000 ಮಣಿ. ಇನ್ನೊಂದರಲ್ಲಿ ಇಬ್ಬರು ಮಕ್ಕಳು, ಅವರ ಸುತ್ತ ಸುಮಾರು 10,000 ಮಣಿ. ಒಂದು ಮಗು ಹೆಣ್ಣು ಎಂದು ಬಹಳ ಕಾಲ ನಂಬಿದ್ದರು. ಡಿಎನ್‌ಎ ತೆಗೆದು ನೋಡಿದರೆ ಇಬ್ಬರೂ ಹುಡುಗರು. ಮಣಿ ಕಂಡ ಕೂಡಲೇ ಹೆಣ್ಣು ಎಂದುಕೊಂಡಿದ್ದು ನಮ್ಮ ಕಾಲದ ಅಭ್ಯಾಸ.

1991ರಲ್ಲಿ ಆಲ್ಪ್ಸ್ ಬೆಟ್ಟದ ಹಿಮದಲ್ಲಿ ಸಿಕ್ಕ 5,300 ವರ್ಷ ಹಿಂದಿನ ದೇಹಕ್ಕೆ 61 ಹಚ್ಚೆಗಳಿವೆ. ಅವನೂ ಗಂಡಸೇ. ಆದರೆ ಆ ಹಚ್ಚೆಗಳಲ್ಲಿ ಹಲವು ಸೊಂಟ, ಮಂಡಿ, ಕಾಲ್ಗಂಟುಗಳ ಹತ್ತಿರ ಇವೆ. ನೋವಿಗೆ ಮಾಡಿದ ಮದ್ದೂ ಇರಬಹುದು.

ಪ್ರಾಣಿಗಳೂ ಏನಾದ್ರೂ ಹಾಕ್ಕೊಳ್ತವಾ?

ಅಪರೂಪಕ್ಕೆ. ಜಾಂಬಿಯಾದ ಚಿಂಫುನ್ಶಿ ಎಂಬ ಆಶ್ರಯಧಾಮದಲ್ಲಿ ಜೂಲಿ ಎಂಬ ಹೆಣ್ಣು ಚಿಂಪಾಂಜಿ 2010ರಲ್ಲಿ ಕಿವಿಗೆ ಹುಲ್ಲುಕಡ್ಡಿ ಸಿಕ್ಕಿಸಿಕೊಳ್ಳಲು ಶುರು ಮಾಡಿತು. ನೋಡ್ತಾ ನೋಡ್ತಾ ಗುಂಪಿನ 12ರಲ್ಲಿ 8 ಚಿಂಪಾಂಜಿಗಳು ಅದನ್ನೇ ಕಲಿತವು. ಜೂಲಿ ಸತ್ತ ಮೇಲೂ ಕೆಲವು ಬಿಡಲಿಲ್ಲ. ಉಪಯೋಗ ಏನೂ ಕಾಣಲಿಲ್ಲ. ನನಗೆ ಈ ಕಥೆ ತುಂಬಾ ಇಷ್ಟ. ಒಬ್ಬರನ್ನು ನೋಡಿ ಇನ್ನೊಬ್ಬರು ಮಾಡುವ ಗುಣ ಎಷ್ಟು ಹಳೆಯದು ಎಂದು ಅದು ತೋರಿಸುತ್ತದೆ.

ಗಂಡಸರಿಗೆ ಹುಟ್ಟಾ ಅಲಂಕಾರದ ಆಸೆ ಇಲ್ಲ ಅಂತಾರೆ. ನಿಜಾನಾ?

ಇಲ್ಲ. ಈ ಮಾತು ಕಳೆದ ಇನ್ನೂರು ವರ್ಷದ ಪೇಟೆ ಬದುಕನ್ನು ನೋಡಿ ಹುಟ್ಟಿದ್ದು.

ಆಫ್ರಿಕಾದ ನೈಜರ್ ದೇಶದಲ್ಲಿ ವೊಡಾಬೆ ಎಂಬ ದನಗಾಹಿ ಜನ ಇದ್ದಾರೆ. ಅವರ ಗೆರೆವೋಲ್ ಹಬ್ಬದಲ್ಲಿ ಹುಡುಗರು ಮುಖಕ್ಕೆ ಬಣ್ಣ, ಕಣ್ಣಿಗೆ ಕಪ್ಪು ಹಚ್ಚಿಕೊಂಡು ಸಾಲಾಗಿ ನಿಂತು ಕುಣಿಯುತ್ತಾರೆ. ಬಿಳಿ ಹಲ್ಲು, ಕಣ್ಣಿನ ಬಿಳಿ ಕಾಣಲಿ ಎಂದು ಕಣ್ಣರಳಿಸಿ ಹಲ್ಲು ತೋರಿಸುತ್ತಾರೆ. ಯಾರು ಚೆಂದ ಎಂದು ತೀರ್ಪು ಕೊಡುವವರು ಹೆಣ್ಣುಮಕ್ಕಳು. ಪಪುವಾ ನ್ಯೂಗಿನಿಯ ಹುಲಿ ಎಂಬ ಬುಡಕಟ್ಟಿನ ಗಂಡಸರು ತಮ್ಮದೇ ಕೂದಲು ಬೆಳೆಸಿ ಟೋಪನ್ ಮಾಡಿಕೊಂಡು ಅದಕ್ಕೆ ಸ್ವರ್ಗದ ಹಕ್ಕಿಯ ಗರಿ ಸಿಕ್ಕಿಸುತ್ತಾರೆ. ಪೂರ್ವ ಆಫ್ರಿಕಾದ ಮಸಾಯಿ ಯುವಕರು ಉದ್ದ ಕೂದಲು ಹೆಣೆದು ಕೆಮ್ಮಣ್ಣು ಬಳಿಯುತ್ತಾರೆ, ಅವರ ಹೆಂಗಸರು ತಲೆ ಬೋಳಿಸುತ್ತಾರೆ.

ದೂರ ಯಾಕೆ, ಯಕ್ಷಗಾನದ ಚೌಕಿಗೆ ಹೋಗಿ ನೋಡಿ. ಕಿರೀಟ, ಭುಜಕೀರ್ತಿ, ಎದೆಪದಕ, ಕಾಲಿಗೆ ಗೆಜ್ಜೆ, ಮುಖದ ತುಂಬ ಬಣ್ಣ. ರಾಜವೇಷ, ಬಣ್ಣದ ವೇಷಗಳಿಗೆ ಕೂರುವ ಹೊತ್ತು, ಹೊರುವ ತೂಕ ಸ್ತ್ರೀವೇಷಕ್ಕಿಂತ ಎಷ್ಟೋ ಜಾಸ್ತಿ. ಭೂತಕೋಲದ ಅಣಿ ಮತ್ತು ಗಗ್ಗರ, ವೀರಗಾಸೆಯವರ ಆಭರಣ, ಎಲ್ಲವೂ ಗಂಡಸಿನ ಮೈಮೇಲಿನವೇ. ಹಗಲಿನಲ್ಲಿ ಬಿಟ್ಟಿದ್ದನ್ನು ರಾತ್ರಿಯ ಆಟದಲ್ಲಿ, ದೈವದ ಎದುರಿನಲ್ಲಿ ನಮ್ಮ ಗಂಡಸರು ಉಳಿಸಿಕೊಂಡಿದ್ದಾರೆ.

## ಚರಿತ್ರೆ, ಮನೆ, ಒಡವೆ

ನಮ್ಮ ರಾಜರು ಮೈತುಂಬ ಒಡವೆ ಹಾಕ್ತಿದ್ರು. ಗಂಡಸರು ಇದನ್ನೆಲ್ಲ ಬಿಟ್ಟಿದ್ದು ಯಾವಾಗ?

ರಾಜರು ಮಾತ್ರ ಅಲ್ಲ. 1443ರಲ್ಲಿ ಪರ್ಷಿಯಾದಿಂದ ರಾಯಭಾರಿಯಾಗಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್ ಬೆರಗಾಗಿ ಬರೆದಿದ್ದಾನೆ: ಈ ನಾಡಿನಲ್ಲಿ ದೊಡ್ಡವರು ಸಣ್ಣವರು ಎನ್ನದೆ, ಬಜಾರಿನ ಕೆಲಸಗಾರರವರೆಗೆ ಎಲ್ಲರೂ ಕಿವಿ, ಕೊರಳು, ತೋಳು, ಬೆರಳುಗಳಿಗೆ ಒಡವೆ ಹಾಕುತ್ತಾರೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಕೊರಳಿನ ವಜ್ರದ ಪದಕವನ್ನು ನೋಡಿದ. ಮಹಾನವಮಿಯಲ್ಲಿ ಅರಮನೆಯ ಹೆಂಗಸರು ಎಷ್ಟು ಬಂಗಾರ ಹೊತ್ತಿದ್ದರೆಂದರೆ, ಅವರ ತೋಳು ಹಿಡಿದು ನಡೆಸಲು ಬೇರೆ ಹೆಂಗಸರು ಬೇಕಿತ್ತು ಎಂದೂ ಹೇಳುತ್ತಾನೆ. ಅಂದರೆ ಅರಮನೆಯ ಹೆಂಗಸರದ್ದು ಆಗಲೂ ಒಂದು ಕೈ ಜಾಸ್ತಿಯೇ. ಆದರೆ ಗಂಡಸಿನ ಮೈ ಬರಿದಾಗಿರಲಿಲ್ಲ.

ಬೇಲೂರಿನ ಗುಡಿ ಕಟ್ಟಿದ್ದು 1117ರಲ್ಲಿ. ಅಲ್ಲಿ ಕನ್ನಡಿ ಹಿಡಿದ ಸುಂದರಿಯ ಮುಂದೆ ಎಲ್ಲರೂ ಫೋಟೋ ತೆಗೆಯುತ್ತಾರೆ. ಅವಳಿಂದ ಕಣ್ಣು ತೆಗೆದು ಪಕ್ಕದ ಗಂಡು ದೇವರುಗಳನ್ನೂ ನೋಡಿ. ಹಾರ, ತೋಳಬಂದಿ, ಸೊಂಟಪಟ್ಟಿ ಯಾವುದರಲ್ಲೂ ಅವರು ಹಿಂದೆ ಬಿದ್ದಿಲ್ಲ.

ಯುರೋಪಿನಲ್ಲೂ ಹೀಗೇ ಇತ್ತು. ಎತ್ತರದ ಹಿಮ್ಮಡಿಯ ಬೂಟು ಅಲ್ಲಿಗೆ ಹೋಗಿದ್ದು ಪರ್ಷಿಯಾದ ಕುದುರೆ ಸವಾರರಿಂದ. ರಿಕಾಪಿನಲ್ಲಿ ಕಾಲು ಜಾರದಂತೆ ಹಿಡಿಯಲು ಅದು ಬೇಕಿತ್ತು. ಫ್ರಾನ್ಸಿನ ದೊರೆ 14ನೇ ಲೂಯಿಯ 1701ರ ಚಿತ್ರದಲ್ಲಿ ಕೆಂಪು ಹಿಮ್ಮಡಿ, ದೊಡ್ಡ ಟೋಪನ್, ರೇಷ್ಮೆ ಕಾಲುಚೀಲ ಎಲ್ಲ ಇವೆ. 18ನೇ ಶತಮಾನದ ಕೊನೆಗೆ, ಫ್ರಾನ್ಸಿನ ಕ್ರಾಂತಿಯ ಹೊತ್ತಿಗೆ, ಗಾಳಿ ತಿರುಗಿತು. ಮಿಂಚುವ ಬಟ್ಟೆ ಅಂದರೆ ದುಡಿಯದ ಶ್ರೀಮಂತ, ಕಪ್ಪು ಕೋಟು ಅಂದರೆ ಕೆಲಸ ಮಾಡುವ ಮರ್ಯಾದಸ್ಥ ಎಂದಾಯಿತು. ಫ್ಲೂಗೆಲ್ ಎಂಬ ಮನಶ್ಶಾಸ್ತ್ರಜ್ಞ 1930ರಲ್ಲಿ ಇದಕ್ಕೆ ಗಂಡಸರ ಮಹಾತ್ಯಾಗ ಎಂದು ಹೆಸರಿಟ್ಟ. ತ್ಯಾಗ ಮಾಡಿದವರು ಚೆಂದವನ್ನು ಪೂರ್ತಿ ಬಿಡಲಿಲ್ಲ. ತಮ್ಮ ಐಶ್ವರ್ಯವನ್ನು ಹೆಂಡತಿ, ಮಗಳ ಮೈಮೇಲೆ ತೋರಿಸಲು ಶುರು ಮಾಡಿದರು.

ಆ ಕಪ್ಪು ಕೋಟು ಹಡಗು ಹತ್ತಿ ನಮ್ಮ ಕಚೇರಿಗಳಿಗೂ ಬಂತು. ಮೈಸೂರು ಸೀಮೆಯಲ್ಲಿ ಕಚ್ಚೆಪಂಚೆಯ ಮೇಲೆ ಕೋಟು, ತಲೆಗೆ ಪೇಟ ಎನ್ನುವ ನಡುದಾರಿಯೊಂದು ಕೆಲಕಾಲ ಇತ್ತು. ವಿಶ್ವೇಶ್ವರಯ್ಯನವರ ಚಿತ್ರಗಳನ್ನೇ ನೋಡಿ, ಪೂರ್ತಿ ಸೂಟು, ಮೇಲೆ ಜರಿಯ ಪೇಟ. ಆಮೇಲೆ ಪೇಟವೂ ಹೋಯಿತು. ನನ್ನ ಅಜ್ಜನ ಕಿವಿಯಲ್ಲಿ ಒಂಟಿ ಇತ್ತು. ಅಪ್ಪನ ಕಿವಿಯಲ್ಲಿ ತೂತು ಮಾತ್ರ ಇತ್ತು. ತಮ್ಮನಿಗೆ ತೂತೂ ಇಲ್ಲ. ಮೂರೇ ತಲೆಮಾರು. ಇಷ್ಟು ಬೇಗ ಬದಲಾಗಿದ್ದನ್ನು ರಕ್ತದಲ್ಲೇ ಬಂದ ಗುಣ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಬಂಗಾರ ಅಂದ್ರೆ ಹೆಂಗಸರು ಯಾಕೆ ಹಂಗೆ ಪ್ರಾಣ ಬಿಡ್ತಾರೆ?

ಈ ಪ್ರಶ್ನೆ ಕೇಳುವವರಲ್ಲಿ ಗಂಡಸರೇ ಹೆಚ್ಚು. ತಿರುಗಿ ನಾನು ಒಂದು ಪ್ರಶ್ನೆ ಕೇಳುತ್ತೇನೆ: ನಿಮ್ಮ ಅಜ್ಜಿಯ ಹೆಸರಲ್ಲಿ ಎಷ್ಟು ಗುಂಟೆ ಜಮೀನಿತ್ತು?

ಉತ್ತರ ಬಹುತೇಕ ಒಂದೇ: ಏನೂ ಇಲ್ಲ. ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರ ಮಿತಾಕ್ಷರ ಎಂಬ ಧರ್ಮಶಾಸ್ತ್ರದ ಗ್ರಂಥ ಬರೆದ. ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿ ನೂರಾರು ವರ್ಷ ಅದರಂತೆಯೇ ಹಂಚಿಕೆಯಾಯಿತು. ಪಿತ್ರಾರ್ಜಿತ ಜಮೀನಿನಲ್ಲಿ ಗಂಡುಮಗುವಿಗೆ ಹುಟ್ಟಿದ ಕ್ಷಣವೇ ಪಾಲು, ಹೆಣ್ಣುಮಗುವಿಗೆ ಇಲ್ಲ. ಅವಳದ್ದು ಎಂದು ಇದ್ದಿದ್ದು ಸ್ತ್ರೀಧನ. ಅದರಲ್ಲಿ ದೊಡ್ಡ ಪಾಲು ಮೈಮೇಲಿನ ಒಡವೆ.

ಈಗ ಯೋಚಿಸಿ. ಮನೆ ಗಂಡನದು, ಹೊಲ ಮಾವನದು, ಎತ್ತು ಮೈದುನಂದಿರದು. ಅವಳು ಎತ್ತಿಕೊಂಡು ಹೊರಡಬಹುದಾದ, ಯಾರ ಸಹಿಯೂ ಬೇಡದೆ ಗಿರವಿ ಇಡಬಹುದಾದ ವಸ್ತು ಒಂದೇ. ಅಡ್ಡಿಕೆ, ಕಾಸಿನ ಸರ, ಬೋರಮಾಳ, ವಂಕಿ, ಡಾಬು, ಕಟ್ಟಾಣಿ: ಇವನ್ನು ಬರೀ ಅಲಂಕಾರ ಎಂದು ಕರೆದರೆ ಅರ್ಧ ಕಥೆ ಬಿಟ್ಟಂತೆ. ಮಳೆ ಕೈಕೊಟ್ಟ ವರ್ಷ ಬೀಜಕ್ಕೆ ಹೋಗಿದ್ದು, ಮಗನ ಫೀಸಿಗೆ ಹೋಗಿದ್ದು, ಆಸ್ಪತ್ರೆಗೆ ಹೋಗಿದ್ದು ಅವೇ. ನಾನು ಓದಿದ್ದೂ ಅಮ್ಮನ ನಾಲ್ಕು ಬಳೆಗಳ ಮೇಲೆ. ಆಮೇಲೆ ಅವಳ ಕೈಯಲ್ಲಿ ಗಾಜಿನ ಬಳೆ ಮಾತ್ರ ಉಳಿಯಿತು. ಅದನ್ನು ಅವಳು ಒಂದು ದಿನವೂ ಹೇಳಿ ತೋರಿಸಲಿಲ್ಲ.

ಸರ್ಕಾರದ ಕಾನೂನೂ ಈ ಅಭ್ಯಾಸವನ್ನು ಗಟ್ಟಿ ಮಾಡಿತು. 1968ರ ಚಿನ್ನ ನಿಯಂತ್ರಣ ಕಾಯ್ದೆ ಜನ ಚಿನ್ನದ ಗಟ್ಟಿ ಇಟ್ಟುಕೊಳ್ಳುವುದನ್ನು ತಡೆಯಿತು, ಒಡವೆಗೆ ಬಿಟ್ಟಿತು. 1990ರಲ್ಲಿ ಅದು ರದ್ದಾಗುವವರೆಗೆ ಚಿನ್ನ ಕೂಡಿಡಲು ಸುಲಭದ ದಾರಿ ಹೆಣ್ಣಿನ ಮೈ. 1994ರ ಆದಾಯ ತೆರಿಗೆ ಸೂಚನೆಯೊಂದು ಇನ್ನೂ ಸ್ವಾರಸ್ಯದ್ದು. ಮನೆ ಶೋಧಕ್ಕೆ ಬಂದ ಅಧಿಕಾರಿಗಳು ಮದುವೆಯಾದ ಹೆಂಗಸಿನ 500 ಗ್ರಾಂ, ಮದುವೆಯಾಗದವಳ 250 ಗ್ರಾಂ, ಗಂಡಸಿನ 100 ಗ್ರಾಂವರೆಗಿನ ಒಡವೆಯನ್ನು ವಶಕ್ಕೆ ತೆಗೆದುಕೊಳ್ಳಬಾರದು ಎಂದು ಅದು ಹೇಳುತ್ತದೆ. ಇಟ್ಟುಕೊಳ್ಳಲು ಮಿತಿ ಇದು ಎಂದು ಹಲವರು ತಪ್ಪು ತಿಳಿದಿದ್ದಾರೆ, ಹಾಗಲ್ಲ. ಆದರೆ ಯಾರ ಮೈಮೇಲೆ ಎಷ್ಟು ಬಂಗಾರ ಸಹಜ ಎಂದು ಸರ್ಕಾರ ಗ್ರಾಂ ಲೆಕ್ಕದಲ್ಲಿ ಬರೆದಿಟ್ಟಿದ್ದು ಇಲ್ಲಿ ಮಾತ್ರ ಎಂದು ನನಗೆ ಅನ್ನಿಸುತ್ತದೆ.

ಕಾನೂನು ಈಗ ಬದಲಾಗಿದೆ. ತನ್ನ ಸ್ವತ್ತಿನ ಮೇಲೆ ಹೆಂಗಸಿಗೆ ಪೂರ್ತಿ ಹಕ್ಕು 1956ರಲ್ಲಿ ಬಂತು. ಸ್ತ್ರೀಧನ ಗಂಡನ ಮನೆಯವರ ಕೈಲಿದ್ದರೂ ಅವಳದ್ದೇ ಎಂದು ಸುಪ್ರೀಂ ಕೋರ್ಟ್ 1985ರಲ್ಲಿ ಹೇಳಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕನ್ನು ಕರ್ನಾಟಕ 1994ರಲ್ಲೇ ಕೊಟ್ಟಿತು, ಇಡೀ ದೇಶಕ್ಕೆ ಅದು 2005ರಲ್ಲಿ ಬಂತು. ಆದರೂ ಎಷ್ಟೋ ಮನೆಗಳಲ್ಲಿ ಮಗಳ ಕೈಗೆ ಪೆನ್ನು ಕೊಟ್ಟು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ, "ಮದುವೇಲಿ ಒಡವೆ ಹಾಕಿದ್ವಲ್ಲ" ಎನ್ನುತ್ತಾರೆ. ಅವಳು ಬಂಗಾರಕ್ಕೆ ಪ್ರಾಣ ಬಿಡದೆ ಇನ್ನೇನು ಮಾಡಬೇಕು?

ಮದುವೆ ಆಗಿದ್ದು ಹೆಂಗಸಿನ ಮೈಮೇಲೆ ಮಾತ್ರ ಯಾಕೆ ಕಾಣ್ಬೇಕು?

ಮೊದಲು ಒಂದು ಗಮನಿಸಿ. ಗಂಡಸಿನ ಮೈಮೇಲೂ ಗುರುತುಗಳಿದ್ದವು. ಜನಿವಾರ, ಶಿವದಾರ, ನಾಮ, ವಿಭೂತಿ, ಕರಡಿಗೆ, ಪೇಟ ಕಟ್ಟುವ ಬಗೆ. ಅವು ಅವನು ಯಾವ ಮತದವನು, ಯಾವ ಕುಲದವನು ಎಂದು ಹೇಳುತ್ತಿದ್ದವು. ಹೆಂಗಸಿನ ತಾಳಿ, ಕಾಲುಂಗುರ, ಕುಂಕುಮ, ಹಸಿರು ಬಳೆ ಅವಳು ಯಾರ ಹೆಂಡತಿ, ಗಂಡ ಇದ್ದಾನೋ ಇಲ್ಲವೋ ಎಂದು ಹೇಳುತ್ತಿದ್ದವು. ಲಿಂಗಾಯತರಲ್ಲಿ ಹೆಣ್ಣುಮಕ್ಕಳಿಗೂ ಲಿಂಗಧಾರಣೆ ಇದೆ. ಅದು ದೊಡ್ಡ ಅಪವಾದ, ನನಗೆ ಹೆಮ್ಮೆಯದ್ದೂ ಹೌದು.

ವಿಕಾಸವಾದಿಗಳು ಇದಕ್ಕೊಂದು ಕಾರಣ ಹೇಳುತ್ತಾರೆ. ಮಗು ತನ್ನದೇ ಎಂದು ತಾಯಿಗೆ ಗೊತ್ತು, ತಂದೆಗೆ ನಂಬಿಕೆ ಮಾತ್ರ. ಆಸ್ತಿ ತಂದೆಯಿಂದ ಮಗನಿಗೆ ಹೋಗುವ ಕಡೆ ಹೆಂಡತಿಯ ಮೇಲಿನ ಕಾವಲು ಬಿಗಿಯಾಗುತ್ತದೆ. "ಇವಳಿಗೆ ಮದುವೆಯಾಗಿದೆ" ಎಂಬ ಗುರುತು ಆ ಕಾವಲಿನ ಒಂದು ಭಾಗ. ಈ ವಾದದಲ್ಲಿ ಹುರುಳಿದೆ. ಆದರೆ ಬಳೆ ಒಡೆಯುವ, ಕುಂಕುಮ ಅಳಿಸುವ ಶಾಸ್ತ್ರವನ್ನು ಯಾವ ವಿಕಾಸವೂ ಕಲಿಸಿಲ್ಲ. ಅದನ್ನು ಜನ ಮಾಡಿದರು, ಜನರೇ ನಿಲ್ಲಿಸಬಹುದು. ನಮ್ಮ ಗಡಿಗೆ ಹತ್ತಿರದ, ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯಿತಿ 2022ರ ಮೇ ತಿಂಗಳಲ್ಲಿ ವಿಧವೆಯರಿಗೆ ಮಾಡುವ ಇಂಥ ಶಾಸ್ತ್ರಗಳನ್ನು ನಿಲ್ಲಿಸಲು ಠರಾವು ಮಾಡಿತು. ಒಂದು ಹಳ್ಳಿಯ ಸಭೆಯಲ್ಲಿ ಕೈ ಎತ್ತಿದ್ದರಿಂದ ಆಗಿದ್ದು ಅದು.

ಕಾಲುಂಗುರದ ಬೆರಳಿಂದ ಗರ್ಭಕೋಶಕ್ಕೆ ನರ ಹೋಗುತ್ತಂತೆ, ಅದಕ್ಕೇ ಹಾಕೋದಂತೆ?

ಅಂಥ ನರ ಇಲ್ಲ. ಕಾಲಿನ ಎರಡನೇ ಬೆರಳಿನ ನರಗಳು ಬೆನ್ನುಹುರಿಯ ಕೆಳಭಾಗಕ್ಕೆ ಹೋಗಿ ಸೇರುತ್ತವೆ, ಉಳಿದ ಬೆರಳುಗಳದ್ದೂ ಅಷ್ಟೇ. ಕಾಲುಂಗುರ ಇಷ್ಟವಾದರೆ ಹಾಕಿಕೊಳ್ಳಿ, ಚೆಂದವಾಗಿದೆ, ಅಮ್ಮ ಹಾಕಿದ್ದು ಎಂಬ ಕಾರಣವೇ ಸಾಕು. ಇಲ್ಲದ ವಿಜ್ಞಾನದ ಊರುಗೋಲು ಅದಕ್ಕೆ ಬೇಡ. ಮೂಗುತಿಗೂ ಇದೇ ಉತ್ತರ. ಬೇಲೂರು, ಹಳೇಬೀಡಿನ ಸುಂದರಿಯರ ಮೂಗು ನೋಡಿದರೆ ಇನ್ನೊಂದು ವಿಷಯವೂ ಗೊತ್ತಾಗುತ್ತದೆ: ಅವರಿಗೆ ಮೂಗುತಿಯೇ ಇಲ್ಲ. ಅದು ಆಮೇಲೆ ಬಂದ ಒಡವೆ.

ಹಾಲಕ್ಕಿ, ಲಂಬಾಣಿ ಹೆಂಗಸರು ಈಗ್ಲೂ ಹಳೇ ಉಡುಗೆ ಉಡ್ತಾರೆ, ಅವರ ಗಂಡಸರು ಪ್ಯಾಂಟು ಶರಟು. ಯಾಕೆ ಹೀಗೆ?

ಪೇಟೆಗೆ ಮೊದಲು ಹೋದವರು ಗಂಡಸರು. ಕೂಲಿಗೆ, ಸಂತೆಗೆ, ಕೋರ್ಟಿಗೆ ಹೋದಾಗ ಬೇರೆಯವರಂತೆ ಕಾಣಬೇಕಾಯಿತು. ಬೇರೆ ಉಡುಗೆ ಉಟ್ಟರೆ ಅವಮಾನ, ಮೋಸ ಎರಡೂ ಕಾದಿದ್ದವು. ಅವರು ಶರಟು ಹಾಕಿದರು. ಊರಿನ ಗುರುತು ಹೊರುವ ಕೆಲಸ ಮನೆಯಲ್ಲಿದ್ದ ಹೆಂಗಸರ ಪಾಲಿಗೆ ಬಂತು. ಪ್ರಪಂಚದ ಎಷ್ಟೋ ಕಡೆ ಹೀಗಾಗಿದೆ.

ಇದರಲ್ಲಿ ಹೊರೆಯೂ ಇದೆ, ಘನತೆಯೂ ಇದೆ. ತುಳಸಿ ಗೌಡ ಪದ್ಮಶ್ರೀ ತೆಗೆದುಕೊಳ್ಳಲು ರಾಷ್ಟ್ರಪತಿ ಭವನಕ್ಕೆ ಹೋದಾಗ ಕೊರಳ ತುಂಬ ಮಣಿಸರ, ಹಾಲಕ್ಕಿ ಸೀರೆ, ಬರಿಗಾಲು. ಆ ಚಿತ್ರ ನೋಡಿ ಕಣ್ಣು ತುಂಬಿಕೊಂಡವರಲ್ಲಿ ನಾನೂ ಒಬ್ಬಳು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ, ಹೆಂಗಸರ ಕೈಗೆ ಸಂಪಾದನೆಯೂ ಬರುತ್ತಿದೆ. ಆದರೆ "ಸಂಸ್ಕೃತಿ ಉಳಿಸಿ" ಎಂದು ಹೆಂಗಸರಿಗೆ ಮಾತ್ರ ಹೇಳುವ ಮುಖಂಡರನ್ನು ಕಂಡರೆ ನನಗೆ ಕೋಪ ಬರುತ್ತದೆ.

ಯಾವ ಜಾತಿಯವರು ಏನು ಹಾಕಬೇಕು ಅಂತ ಕಟ್ಟುಪಾಡು ಇತ್ತಂತೆ, ಹೌದಾ?

ಹೌದು. ಈ ಇಡೀ ವಿಷಯದಲ್ಲಿ ನೋವಿನ ಭಾಗ ಇದೇ. ಕೇರಳದಲ್ಲಿ ಪುಲಯ ಹೆಂಗಸರು ಚಿನ್ನ ಹಾಕುವಂತಿರಲಿಲ್ಲ, ಕಲ್ಲಿನ ಮಾಲೆ ಹಾಕಬೇಕಿತ್ತು. ಅದು ಅವರ ಜಾತಿಯ ಗುರುತು. 1915ರಲ್ಲಿ ಪೆರಿನಾಡಿನಲ್ಲಿ ಪುಲಯರ ಮುಖಂಡ ಅಯ್ಯಂಕಾಳಿಯವರು ಕರೆದ ಸಭೆಯಲ್ಲಿ ಆ ಹೆಂಗಸರು ಮಾಲೆಗಳನ್ನು ಕಿತ್ತು ರಾಶಿ ಹಾಕಿದರು. ಒಡವೆ ತೆಗೆದಿದ್ದೇ ಅಲ್ಲಿ ಬಿಡುಗಡೆ. "ಹೆಂಗಸರು ಅಲಂಕಾರ ಮಾಡುವುದು ಗಂಡಸರನ್ನು ಸೆಳೆಯಲು" ಎಂಬ ಒಂದೇ ಸಾಲಿನ ಉತ್ತರ ಕೊಡುವವರು ಆ ಕಲ್ಲುಮಾಲೆಗೆ ಏನು ಹೇಳುತ್ತಾರೆ?

## ಸ್ವಲ್ಪ ಆಳಕ್ಕೆ

ಕಾಡಿಗೆ, ಲಿಪ್‌ಸ್ಟಿಕ್. ಕಣ್ಣು, ತುಟಿಗೇ ಯಾಕೆ? ಮೂಗಿಗೆ ಯಾಕೆ ಬಣ್ಣ ಹಚ್ಚಲ್ಲ?

ನನಗೆ ಬಂದ ಪ್ರಶ್ನೆಗಳಲ್ಲೇ ಒಳ್ಳೆಯದು ಇದು. ಒಂಬತ್ತನೇ ತರಗತಿಯ ಹುಡುಗಿ ಕೇಳಿದ್ದು.

ಮುಖದಲ್ಲಿ ಕಣ್ಣು ಮತ್ತು ತುಟಿ ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿ ಕಾಣುತ್ತವೆ. ಈ ಅಂತರ ಹೆಂಗಸರಲ್ಲಿ ಗಂಡಸರಿಗಿಂತ ಸ್ವಲ್ಪ ಜಾಸ್ತಿ ಎಂದು ರಿಚರ್ಡ್ ರಸೆಲ್ ಎಂಬ ಮನಶ್ಶಾಸ್ತ್ರಜ್ಞ 2009ರಲ್ಲಿ ತೋರಿಸಿದರು. ಗಂಡು ಹೆಣ್ಣು ಎರಡೂ ಎನ್ನಬಹುದಾದ ಒಂದೇ ಮುಖದ ಚಿತ್ರವನ್ನು ತೆಗೆದುಕೊಂಡು ಈ ಅಂತರ ಹೆಚ್ಚಿಸಿದರೆ ನೋಡುವವರಿಗೆ ಹೆಣ್ಣಿನಂತೆ ಕಾಣುತ್ತದೆ, ಕಡಿಮೆ ಮಾಡಿದರೆ ಗಂಡಿನಂತೆ. ವಯಸ್ಸಾದಂತೆ ಈ ಅಂತರ ಇಳಿಯುತ್ತದೆ. ಕಾಡಿಗೆ, ತುಟಿಬಣ್ಣ ಎರಡೂ ಅದನ್ನು ಏರಿಸುತ್ತವೆ. ದೇಹದಲ್ಲಿ ಕೂದಲೆಳೆಯಷ್ಟು ಇದ್ದ ವ್ಯತ್ಯಾಸವನ್ನು ಅವು ಕೈ ಎತ್ತಿ ತೋರಿಸುತ್ತವೆ. ಮೂಗಿನಲ್ಲಿ ಅಂಥ ಅಂತರ ಇಲ್ಲ, ಹಾಗಾಗಿ ಅಲ್ಲಿಗೆ ಬಣ್ಣ ಹೋಗಲಿಲ್ಲ.

ಜೀವಶಾಸ್ತ್ರ ಮತ್ತು ಸಂಸ್ಕೃತಿ ಹೇಗೆ ಕೈಕೈ ಹಿಡಿಯುತ್ತವೆ ಎನ್ನಲು ಇದಕ್ಕಿಂತ ಚೆಂದದ ಉದಾಹರಣೆ ನನಗೆ ಸಿಕ್ಕಿಲ್ಲ. ಆದರೆ ನಮ್ಮಲ್ಲಿ ಗಂಡುಕೂಸಿಗೂ ಕಾಡಿಗೆ ಹಚ್ಚಿ ಕೆನ್ನೆಗೆ ಚುಕ್ಕಿ ಇಡುತ್ತೇವೆ, ದೃಷ್ಟಿ ತಾಗದಿರಲಿ ಎಂದು. ಒಂದೇ ಕಾಡಿಗೆ, ಬೇರೆ ಕೆಲಸ.

ಹುಡುಗರು ಗಡ್ಡ ಬಿಡೋದು ಹುಡುಗಿಯರಿಗೋಸ್ಕರ ಅಲ್ವಾ?

ಹುಡುಗರು ಹಾಗೆಂದುಕೊಂಡಿರಬಹುದು. ನ್ಯೂಜಿಲೆಂಡ್ ಮತ್ತು ಸಮೋವಾದಲ್ಲಿ ನಡೆದ 2012ರ ಅಧ್ಯಯನದಲ್ಲಿ ಒಬ್ಬನದೇ ಗಡ್ಡದ ಫೋಟೋ, ಬೋಳಿಸಿದ ಫೋಟೋ ಎರಡನ್ನೂ ತೋರಿಸಿದರು. ಹೆಂಗಸರಿಗೆ ಗಡ್ಡದ ಮುಖ ಹೆಚ್ಚು ಚೆಂದ ಎನ್ನಿಸಲಿಲ್ಲ. ಆದರೆ ಗಡ್ಡದವನು ವಯಸ್ಸಿನಲ್ಲಿ ದೊಡ್ಡವನಂತೆ, ಅಂತಸ್ತಿನವನಂತೆ ಕಂಡ. ಸಿಟ್ಟಿನ ಮುಖ ಮಾಡಿದಾಗ ಇನ್ನೂ ಸಿಟ್ಟಿನವನಂತೆ ಕಂಡ. ಅಂದರೆ ಗಡ್ಡ ಬೇರೆ ಗಂಡಸರಿಗೆ ಕೊಡುವ ಸೂಚನೆಯೂ ಹೌದು. ಕೊಡವರ ಪೀಚೆಕತ್ತಿ, ಹಳೆಯ ಕಾಲದ ಮೀಸೆ, ಈಗಿನ ದೊಡ್ಡ ವಾಚು, ಬುಲೆಟ್ ಬೈಕು ಎಲ್ಲದರಲ್ಲೂ ಈ ದನಿ ಸ್ವಲ್ಪ ಇದೆ.

ಇನ್ನೊಂದು ಮಜಾ 2014ರ ಅಧ್ಯಯನದಲ್ಲಿ ಸಿಕ್ಕಿತು. ಸುತ್ತ ಎಲ್ಲರೂ ಬೋಳಿಸಿದ್ದರೆ ಗಡ್ಡದವನು ಚೆಂದ, ಸುತ್ತ ಎಲ್ಲರಿಗೂ ಗಡ್ಡ ಇದ್ದರೆ ಬೋಳಿಸಿದವನು ಚೆಂದ. ಫ್ಯಾಷನ್ ಯಾಕೆ ಒಂದೇ ಕಡೆ ನಿಲ್ಲುವುದಿಲ್ಲ ಎನ್ನುವುದಕ್ಕೆ ಸ್ವಲ್ಪ ಉತ್ತರ ಇಲ್ಲೇ ಇದೆ.

ಗಂಡಸರು ರೂಪ ನೋಡ್ತಾರೆ, ಹೆಂಗಸರು ಸಂಪಾದನೆ ನೋಡ್ತಾರೆ. ಇದು ವಿಕಾಸದಲ್ಲೇ ಬಂದಿದ್ದು ಅಂತ ಓದಿದ್ದೆ.

ಬಹುಶಃ ಮನಶ್ಶಾಸ್ತ್ರಜ್ಞ ಡೇವಿಡ್ ಬಸ್ ಅವರ 1989ರ ಅಧ್ಯಯನದ ಬಗ್ಗೆ ಓದಿರುತ್ತೀರಿ. 37 ಸಮಾಜಗಳ 10,000ಕ್ಕೂ ಹೆಚ್ಚು ಜನರನ್ನು ಕೇಳಿದರು. ಸರಾಸರಿಯಲ್ಲಿ ಗಂಡಸರು ರೂಪಕ್ಕೆ, ಹೆಂಗಸರು ಸಂಪಾದನೆಗೆ ಹೆಚ್ಚು ತೂಕ ಕೊಟ್ಟರು. ಇಷ್ಟೊಂದು ಕಡೆ ಒಂದೇ ಉತ್ತರ ಬಂದಿದ್ದನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಹೆಣ್ಣಿಗೆ ಮಗು ಹೆರುವ ವಯಸ್ಸಿಗೊಂದು ಮಿತಿ ಇದೆ, ಯೌವನದ ಗುರುತುಗಳಿಗೆ ಗಂಡಿನ ಕಣ್ಣು ಹೋಗಲು ಅದೊಂದು ಕಾರಣ ಇರಬಹುದು.

ಹತ್ತು ವರ್ಷ ಆದ ಮೇಲೆ, 1999ರಲ್ಲಿ, ಆಲಿಸ್ ಈಗ್ಲಿ ಮತ್ತು ವೆಂಡಿ ವುಡ್ ಅದೇ ಅಂಕಿಗಳನ್ನು ಮತ್ತೆ ತೆಗೆದು ನೋಡಿದರು. ಹೆಂಗಸರಿಗೆ ಸ್ವಂತ ಸಂಪಾದನೆ, ಅಧಿಕಾರ ಹೆಚ್ಚಿರುವ ದೇಶಗಳಲ್ಲಿ ಸಂಪಾದನೆಯ ವಿಷಯದ ಅಂತರ ಕಡಿಮೆಯಿತ್ತು. ರೂಪದ ವಿಷಯದ ಅಂತರ ಅಷ್ಟಾಗಿ ಕರಗಲಿಲ್ಲ. ಎರಡೂ ಕಡೆಯವರ ಮಾತಿನಲ್ಲೂ ಸತ್ಯ ಇದೆ ಎಂಬುದು ನನ್ನ ತೀರ್ಮಾನ.

ಸೊಂಟದ ಅಳತೆಯ ಕಥೆ ಇನ್ನೊಂದು ಎಚ್ಚರಿಕೆ. ಸೊಂಟದ ಅಳತೆ ನಿತಂಬದ ಅಳತೆಯ 0.7 ಪಾಲು ಇದ್ದರೆ ಗಂಡಸರಿಗೆ ಚೆಂದ ಎಂದು ದೇವೇಂದ್ರ ಸಿಂಗ್ 1993ರಲ್ಲಿ ಬರೆದರು. ಪ್ರಪಂಚದ ನಿಯಮವೇ ಇದು ಎಂದು ಮಾತು ಹಬ್ಬಿತು. ಪೆರು ದೇಶದ ಕಾಡಿನೊಳಗಿನ ಮಾತ್ಸಿಗೆಂಕಾ ಜನರನ್ನು 1998ರಲ್ಲಿ ಕೇಳಿದರೆ ಅವರಿಗೆ ಇಷ್ಟವಾಗಿದ್ದು ದಪ್ಪ ಸೊಂಟದ ಚಿತ್ರ. ತೆಳ್ಳಗಿರುವವಳಿಗೆ ಕಾಯಿಲೆ ಬಂದಿರಬೇಕು ಎಂದುಕೊಂಡರು. ಪೇಟೆ ಹುಡುಗರನ್ನು ಮಾತ್ರ ಕೇಳಿ ಮನುಷ್ಯ ಕುಲದ ಗುಣ ಹೇಳಬಾರದು.

ಇದೆಲ್ಲ ಕ್ರೀಮ್ ಕಂಪನಿಗಳು ಹುಟ್ಟಿಸಿದ ಆಸೆ ಅಲ್ವಾ?

ಆಸೆ ಹಳೆಯದು, ಕೊರಗು ಹೊಸದು. ಅರಿಶಿನ, ಕಾಡಿಗೆ, ಮದರಂಗಿಗೆ ಜಾಹೀರಾತು ಬೇಕಿರಲಿಲ್ಲ. ಬಿಳಿ ಮಾಡುವ ಕ್ರೀಮು ಹೆಂಗಸರಿಗೆಂದು 1975ರಲ್ಲಿ ಬಂತು, ಗಂಡಸರಿಗೆಂದೇ ಬೇರೆ ಡಬ್ಬಿ 2005ರಲ್ಲಿ. ಮೂವತ್ತು ವರ್ಷದಲ್ಲಿ ಅದೇ ಕೊರಗನ್ನು ಗಂಡಸರಿಗೂ ಮಾರಿದರು. 2020ರಲ್ಲಿ ಹಳೆಯ ಕ್ರೀಮಿನ ಹೆಸರಿನಿಂದ "ಫೇರ್" ಎಂಬ ಪದ ತೆಗೆದರು. ಮದುವೆ ಜಾಹೀರಾತುಗಳಲ್ಲಿ "ಬೆಳ್ಳಗಿನ ವಧು" ಬೇಕು ಎಂಬ ಸಾಲು ಇನ್ನೂ ಹೋಗಿಲ್ಲ.

ಸಮಾನತೆ ಬಂದ್ರೆ ಹೆಂಗಸರ ಅಲಂಕಾರ ಕಡಿಮೆ ಆಗುತ್ತಾ?

ಸ್ವಲ್ಪ ಆಗಬಹುದು, ಆದರೆ ಲೆಕ್ಕ ಸೀದಾ ಇಲ್ಲ. 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ 93 ದೇಶಗಳ 93,158 ಜನರನ್ನು ಕೇಳಿತು. ಚೆಂದ ಕಾಣಲು ಹೆಂಗಸರು ದಿನಕ್ಕೆ ಸರಾಸರಿ ಸುಮಾರು 4 ಗಂಟೆ, ಗಂಡಸರು 3.6 ಗಂಟೆ ಖರ್ಚು ಮಾಡುತ್ತಾರೆ ಎಂದು ಬಂತು. ಸ್ನಾನ, ಬಟ್ಟೆ, ವ್ಯಾಯಾಮ ಎಲ್ಲ ಸೇರಿದ ಲೆಕ್ಕ ಇದು. ವ್ಯತ್ಯಾಸ ಅರ್ಧ ಗಂಟೆಯೂ ಇಲ್ಲ! ಸಮಾನತೆ ಕಡಿಮೆ ಇರುವ ದೇಶಗಳಲ್ಲಿ ಹೊತ್ತು ಜಾಸ್ತಿ ಹೋಗುತ್ತಿತ್ತು. ಆದರೆ ಎಲ್ಲಕ್ಕಿಂತ ಜೋರಾದ ಕಾರಣ ಬೇರೆಯೇ ಇತ್ತು: ಸೋಷಿಯಲ್ ಮೀಡಿಯಾ ಎಷ್ಟು ನೋಡುತ್ತಾರೆ ಎಂಬುದು.

2018ರಲ್ಲಿ ಖಾಂಡಿಸ್ ಬ್ಲೇಕ್ ಮತ್ತು ಜೊತೆಗಾರರು 113 ದೇಶಗಳಿಂದ ಬಂದ ಹೆಣ್ಣುಮಕ್ಕಳ ಮಾದಕ ಸೆಲ್ಫಿಗಳನ್ನು ಎಣಿಸಿದರು. ಅಂಥ ಸೆಲ್ಫಿ ಜಾಸ್ತಿ ಇದ್ದದ್ದು ಹೆಣ್ಣನ್ನು ಹೆಚ್ಚು ತುಳಿಯುವ ಕಡೆ ಅಲ್ಲ, ಬಡವ ಬಲ್ಲಿದರ ನಡುವೆ ಅಂತರ ಹೆಚ್ಚಿರುವ ಕಡೆ. ಏಣಿಯ ಮೆಟ್ಟಿಲುಗಳು ದೂರ ದೂರ ಇದ್ದಾಗ ರೂಪವೂ ಮೇಲೆ ಹತ್ತುವ ಒಂದು ದಾರಿಯಾಗುತ್ತದೆ. ಸೆಲ್ಫಿ ಹಾಕುವ ಹುಡುಗಿಯನ್ನು ಬೈಯುವ ಮೊದಲು ಅವಳ ಎದುರಿರುವ ಏಣಿಯನ್ನೂ ನೋಡಬೇಕು.

ನನ್ನ ಆರು ವರ್ಷದ ಮಗ ಅಕ್ಕನ ಬಳೆ, ಉಗುರುಬಣ್ಣ ಕೇಳ್ತಾನೆ. ತಪ್ಪೇನಾದ್ರೂ ಇದೆಯಾ ಮೇಡಂ?

ಇಲ್ಲಮ್ಮ, ಏನೂ ತಪ್ಪಿಲ್ಲ. ಹೊಳೆಯುವುದು ಮಕ್ಕಳಿಗೆಲ್ಲ ಇಷ್ಟ. ಯಾವುದು ಹುಡುಗರದ್ದು, ಯಾವುದು ಹುಡುಗಿಯರದ್ದು ಎಂಬ ಪಟ್ಟಿಯನ್ನು ದೊಡ್ಡವರು ಆಗಾಗ ತಿದ್ದುತ್ತಲೇ ಬಂದಿದ್ದಾರೆ. ಗುಲಾಬಿ ಬಣ್ಣ ಗಟ್ಟಿಯಾದದ್ದು, ಅದು ಹುಡುಗರಿಗೆ, ನಾಜೂಕಾದ ನೀಲಿ ಹುಡುಗಿಯರಿಗೆ ಎಂದು ಅಮೆರಿಕದ ಮಕ್ಕಳ ಬಟ್ಟೆ ವ್ಯಾಪಾರದ ಪತ್ರಿಕೆಯೊಂದು 1918ರಲ್ಲಿ ಬರೆದಿತ್ತು.

ನಿಮ್ಮ ಮನೆಯಲ್ಲೇ ವಿಚಾರಿಸಿ, ಅವನ ಮುತ್ತಾತನ ಕೈಯಲ್ಲಿ ಕಡಗ, ಸೊಂಟದಲ್ಲಿ ಬೆಳ್ಳಿಯ ಉಡದಾರ ಇದ್ದಿರುತ್ತದೆ. ಬೆಂಗಳೂರಿನ ಕರಗದ ರಾತ್ರಿ ಅವನನ್ನು ಧರ್ಮರಾಯನ ಗುಡಿಯ ಹತ್ತಿರ ಕರೆದುಕೊಂಡು ಹೋಗಿ. ಕರಗ ಹೊರುವ ಗಂಡಸು ದ್ರೌಪದಿಯಾಗಿ ಹೆಣ್ಣಿನ ಉಡುಗೆ ಉಟ್ಟು, ಬಳೆ ತೊಟ್ಟು, ತಲೆ ತುಂಬ ಮಲ್ಲಿಗೆಯೊಂದಿಗೆ ಬರುತ್ತಾನೆ. ಅವನ ಸುತ್ತ ವೀರಕುಮಾರರು ಕತ್ತಿ ಹಿಡಿದು ಓಡುತ್ತಾರೆ. ಸಾವಿರಾರು ಜನ ಕೈ ಮುಗಿಯುತ್ತಾರೆ.

ಬಳೆಯ ಅಳತೆ ಮಾತ್ರ ನೋಡಿಕೊಳ್ಳಿ. ಅಕ್ಕನದು ದೊಡ್ಡದಾಗಿ ಜಾರಿ ಬೀಳುತ್ತದೆ. ಗಾಜಿನದ್ದು ಬೇಡ, ಒಡೆದರೆ ಕೈ ಕುಯ್ಯುತ್ತದೆ.